ಚೀಟಿ ಕೇಳಿದರೆ ಸಿಟ್ಟೇಕೆ?

ನಮ್ಮ ದೊಡ್ಡಮ್ಮನಿಗೆ ಕೀಲುವಾತ. ಡಾಕ್ಟರು ಮೆಥೋಟ್ರೆಕ್ಸೇಟ್ ಬರೆದುಕೊಟ್ಟಿದ್ದರು, ಜೊತೆಗೆ ಫೋಲಿಕ್ ಆಸಿಡ್. ಎರಡೂ ಹಳದಿ ಬಣ್ಣದ ಪುಟ್ಟ ಮಾತ್ರೆಗಳು. ಆದರೆ ಮೊದಲನೆಯದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗುತ್ತದೆ, ಮೂಳೆಯ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದೇ ಕುಗ್ಗುತ್ತದೆ, ಜೀವ ಹೋಗುವುದೂ ಉಂಟು. ಮೆಡಿಕಲ್ ಶಾಪಿನಲ್ಲಿದ್ದ ಹೆಣ್ಣುಮಗಳು ಚೀಟಿ ಓದಿ, ಸ್ಟ್ರಿಪ್ ಕೈಗೆ ಕೊಡುವ ಮೊದಲು, "ಅಮ್ಮಾ, ಇದನ್ನ ಯಾವಾಗ ತಗೋಬೇಕು ಅಂದಿದಾರೆ?" ಎಂದು ಕೇಳಿದರು. "ದಿನಾ ಊಟ ಆದಮೇಲೆ ಅಲ್ವೇನಮ್ಮಾ?" ಎಂದರು ದೊಡ್ಡಮ್ಮ. ಆಕೆ ಸ್ಟ್ರಿಪ್ಪನ್ನು ಹಿಂದಕ್ಕೆ ಎಳೆದುಕೊಂಡರು. ಕವರಿನ ಮೇಲೆ ಕೆಂಪು ಪೆನ್ನಿನಲ್ಲಿ "ಭಾನುವಾರ ಮಾತ್ರ" ಎಂದು ದಪ್ಪಗೆ ಬರೆದು, ಅದನ್ನು ದೊಡ್ಡಮ್ಮನ ಬಾಯಲ್ಲಿ ಎರಡು ಸಲ ಹೇಳಿಸಿದ ಮೇಲೆಯೇ ಬಿಲ್ ಮಾಡಿದ್ದು. ಅಷ್ಟು ಹೊತ್ತೂ ನಮ್ಮ ಹಿಂದೆ ನಿಂತವರು ಗೊಣಗುತ್ತಿದ್ದರು.

ಆ ಗೊಣಗಾಟಕ್ಕೆ ಕಾರಣ ನಮ್ಮಲ್ಲಿ ಬೇರುಬಿಟ್ಟಿರುವ ಕೆಲವು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ: ಬರೆದದ್ದನ್ನು ಎತ್ತಿಕೊಡುವುದಷ್ಟೇ ಮೆಡಿಕಲ್ ಶಾಪಿನವರ ಕೆಲಸ, ಅದಕ್ಕೆ ಓದು ಬೇಕಿಲ್ಲ.

ಸತ್ಯ: 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನ ಪ್ರಕಾರ ಡಾಕ್ಟರ ಚೀಟಿಗೆ ಔಷಧ ಕೊಡುವ ಅಧಿಕಾರ ಇರುವುದು ನೋಂದಾಯಿತ ಫಾರ್ಮಸಿಸ್ಟ್‌ಗೆ. ಪಿಯುಸಿ ವಿಜ್ಞಾನದ ನಂತರ ಕನಿಷ್ಠ ಎರಡು ವರ್ಷದ ಡಿ.ಫಾರ್ಮ್, ಅದರ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಿ, ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ಬರೆಸಿದವರು ಇವರು. ವೃತ್ತಿಗೆ ಕಳಂಕ ತಂದರೆ ಆ ಪಟ್ಟಿಯಿಂದ ಹೆಸರು ತೆಗೆದುಹಾಕಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಔಷಧವನ್ನು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಸಿಹೇಳುವುದು ಫಾರ್ಮಸಿಸ್ಟರ ಕರ್ತವ್ಯ ಎನ್ನುತ್ತವೆ 2015ರ ಫಾರ್ಮಸಿ ವೃತ್ತಿ ನಿಯಮಗಳು. ದೊಡ್ಡಮ್ಮನಿಗೆ ಆ ಹೆಣ್ಣುಮಗಳು ಮಾಡಿದ್ದು ಉಪಕಾರ ಎಂದುಕೊಂಡಿದ್ದೆ. ಅದು ಆಕೆಯ ಕೆಲಸವೇ ಆಗಿತ್ತು.

ತಪ್ಪು ಕಲ್ಪನೆ: ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗುಹಾಕಿದ್ದರೆ ಸಾಕು.

ಸತ್ಯ: ಸಾಲದು. ಅಂಗಡಿಯ ಮಾಲೀಕ ಯಾರಾದರೂ ಆಗಬಹುದು, ಸಾಮಾನು ಎತ್ತಿಕೊಡುವ ಹುಡುಗರೂ ಇರಬಹುದು. ಆದರೆ ಚೀಟಿಯ ಔಷಧ ಹೊರಗೆ ಹೋಗುವಾಗ ಫಾರ್ಮಸಿಸ್ಟರ ಕಣ್ಣು ಅದರ ಮೇಲಿರಬೇಕು. ಸರ್ಟಿಫಿಕೇಟನ್ನು ತಿಂಗಳ ಬಾಡಿಗೆಗೆ ಕೊಟ್ಟು ತಾವು ಬೇರೆಲ್ಲೋ ಕೆಲಸ ಮಾಡುವವರಿದ್ದಾರೆ, ಇದು ಊರಿಗೆಲ್ಲ ಗೊತ್ತಿರುವ ಗುಟ್ಟು. ನನ್ನ ಮಟ್ಟಿಗೆ ಈ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಜನ ನಂಬುವುದು ಗಾಜಿನ ಫ್ರೇಮನ್ನಲ್ಲ, ಅದರಲ್ಲಿ ಹೆಸರಿರುವ ಮನುಷ್ಯನನ್ನು.

ತಪ್ಪು ಕಲ್ಪನೆ: ಚೀಟಿ ಇಲ್ಲದೆ ಕೊಡುವವರೇ ಒಳ್ಳೆಯವರು, ಹೆಸರು-ವಿಳಾಸ ಕೇಳುವವರು ಸತಾಯಿಸುವವರು.

ಸತ್ಯ: 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಚೀಟಿ ಇದ್ದರಷ್ಟೇ ಕೊಡಬೇಕಾದ ಔಷಧಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿ ಕ್ಷಯದ ಔಷಧಗಳಿವೆ, ಹಲವು ಪ್ರಬಲ ಆಂಟಿಬಯೋಟಿಕ್‌ಗಳಿವೆ, ಆಲ್‌ಪ್ರಜೋಲಮ್, ಟ್ರಮಡಾಲ್‌ನಂಥ ಚಟ ಹಿಡಿಸಬಲ್ಲ ಮಾತ್ರೆಗಳಿವೆ. ಇವುಗಳಲ್ಲಿ ಯಾವುದನ್ನು ಕೊಟ್ಟರೂ ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. "ನಿದ್ದೆ ಬರ್ತಿಲ್ಲ, ಹೋದ ಸಲ ಕೊಟ್ಟಿದ್ರಲ್ಲ" ಎಂದು ಪರಿಚಯದ ಮೇಲೆ ಕೇಳಿದಾಗ ಇಲ್ಲ ಎನ್ನುವುದು ಸುಲಭವಲ್ಲ. ದಿನಾ ಮುಖ ನೋಡುವ ಗಿರಾಕಿ, ಎದುರಿನ ಅಂಗಡಿಗೆ ಹೋಗಿಬಿಡುತ್ತಾರೆ ಎಂಬ ಭಯ ಬೇರೆ. ಆದರೂ ಇಲ್ಲ ಎಂದವರು ನಿಮ್ಮ ಆರೋಗ್ಯಕ್ಕಾಗಿ ತಮ್ಮ ವ್ಯಾಪಾರ ಬಿಟ್ಟುಕೊಟ್ಟಿದ್ದಾರೆ.

ತಪ್ಪು ಕಲ್ಪನೆ: "ಕಂಪನಿ ಬೇರೆ, ಕಂಟೆಂಟ್ ಒಂದೇ" ಎಂದರೆ ತೆಗೆದುಕೊಳ್ಳಬಹುದು.

ಸತ್ಯ: ಎಷ್ಟೋ ಸಲ ಆ ಮಾತು ನಿಜವೇ ಇರುತ್ತದೆ. ಆದರೂ ಹೀಗೆಯೇ ಚೀಟಿ ಬೇಕಾಗುವ ಶೆಡ್ಯೂಲ್ ಎಚ್ ಮತ್ತು ಎಕ್ಸ್ ಔಷಧಗಳಿಗೆ ಚೀಟಿಯಲ್ಲಿ ಬರೆದದ್ದರ ಬದಲು ಇನ್ನೊಂದನ್ನು ತಾವಾಗಿಯೇ ಕೊಡುವುದನ್ನು ಔಷಧ ನಿಯಮಗಳು ಒಪ್ಪುವುದಿಲ್ಲ. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳುವುದೇ ಸರಿಯಾದ ದಾರಿ. ಕಡಿಮೆ ಬೆಲೆಯದು ಬೇಕಿದ್ದರೆ ಜೆನೆರಿಕ್ ಹೆಸರು ಬರೆದುಕೊಡಿ ಎಂದು ಡಾಕ್ಟರನ್ನೇ ಕೇಳಿ, ಅದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ.

ತಪ್ಪು ಕಲ್ಪನೆ: ತಪ್ಪು ಒಪ್ಪಿಕೊಂಡರೆ ಅಂಗಡಿಯ ಹೆಸರು ಕೆಡುತ್ತದೆ.

ಸತ್ಯ: ನನ್ನ ಗೆಳೆಯನೊಬ್ಬ ಫಾರ್ಮಸಿಸ್ಟ್. ಒಂದು ರಾತ್ರಿ ಬಾಗಿಲು ಹಾಕುವ ಮುನ್ನ ಸ್ಟಾಕ್ ಎಣಿಸಿದಾಗ ಗ್ಲಿಮೆಪಿರೈಡ್ 1 ಎಂಜಿ ಒಂದು ಸ್ಟ್ರಿಪ್ ಹೆಚ್ಚಿತ್ತು, 2 ಎಂಜಿ ಒಂದು ಕಡಿಮೆ. ಸಕ್ಕರೆ ಕಾಯಿಲೆಯ ಯಾರಿಗೋ ಎರಡರಷ್ಟು ಡೋಸಿನ ಮಾತ್ರೆ ಹೋಗಿದೆ. ನುಂಗಿದರೆ ಸಕ್ಕರೆ ಇಳಿದು ಬೆವರು, ನಡುಕ, ಹೆಚ್ಚಾದರೆ ಪ್ರಜ್ಞೆಯೇ ತಪ್ಪಬಹುದು. ಕೆಲಸದ ಹುಡುಗ ಬೆಳ್ಳಗಾಗಿ, "ಅಣ್ಣಾ, ಮಧ್ಯಾಹ್ನ ರಶ್ಶಿನಲ್ಲಿ ನಾನೇ ತೆಗ್ದುಕೊಟ್ಟಿದ್ದು" ಎಂದ. ಗೆಳೆಯ ಬೈಯಲಿಲ್ಲ. "ಚೆಕ್ ಮಾಡ್ದೆ ಕಳ್ಸಿದ್ದು ನಾನು" ಎಂದು ಬಿಲ್ಲುಗಳನ್ನು ತಿರುವಿಹಾಕಿ ಹೆಸರು ಹುಡುಕಿ ಫೋನ್ ಮಾಡಿದ. ಆ ಕಡೆಯಿಂದ ಯಾರೂ ಎತ್ತಲಿಲ್ಲ. ಇಬ್ಬರೂ ಒಂದೇ ಬೈಕಿನಲ್ಲಿ ಆ ಮನೆಗೆ ಹೋದರು. ಸ್ಟ್ರಿಪ್ ಇನ್ನೂ ಒಡೆದಿರಲಿಲ್ಲ. ಹಿರಿಯರು ಮೊದಲು ಸಿಟ್ಟಾದರು, ಆಮೇಲೆ ಕೂರಿಸಿ ನೀರು ಕೊಟ್ಟರು. ಇವತ್ತಿಗೂ ಆ ಮನೆಯ ಔಷಧವೆಲ್ಲ ಅದೇ ಅಂಗಡಿಯಿಂದ ಹೋಗುತ್ತದೆ. ಅಂಗಡಿಯಲ್ಲಿ ಒಂದು ಬದಲಾವಣೆಯಾಯಿತು: ಹೆಸರು ಒಂದೇ ಇದ್ದು ಎಂಜಿ ಬೇರೆ ಇರುವ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಡುವುದನ್ನು ನಿಲ್ಲಿಸಿದರು.

ಹುಡುಗ ಹೆದರಿ ಸುಮ್ಮನಿದ್ದಿದ್ದರೆ? ಗಲ್ಲಾಪೆಟ್ಟಿಗೆಯ ಹಿಂದಿನವರು ಒಬ್ಬರನ್ನೊಬ್ಬರು ನಂಬದ ಕಡೆ ತಪ್ಪು ಮುಚ್ಚಿಹೋಗುತ್ತದೆ, ಮುಚ್ಚಿದ ತಪ್ಪು ರೋಗಿಯ ಹೊಟ್ಟೆ ಸೇರುತ್ತದೆ.

ಆ ಮನೆಯನ್ನು ಹುಡುಕಲು ಸಾಧ್ಯವಾದದ್ದು ಬಿಲ್ಲಿನಲ್ಲಿ ಹೆಸರಿದ್ದುದರಿಂದ. "ಬಿಲ್ ಬೇಡ ಬಿಡಿ" ಎನ್ನಬೇಡಿ, ಹೆಸರು ಮತ್ತು ಬ್ಯಾಚ್ ನಂಬರ್ ಇರುವ ಬಿಲ್ಲನ್ನು ಕೇಳಿ ಪಡೆಯಿರಿ. "ಫಾರ್ಮಸಿಸ್ಟ್ ಯಾರು?" ಎಂದು ಒಮ್ಮೆ ವಿಚಾರಿಸಿ. ಅವರು ಚೀಟಿ ಕೇಳಿದರೆ, ಎರಡು ಪ್ರಶ್ನೆ ಹೆಚ್ಚು ಕೇಳಿದರೆ, ದಯವಿಟ್ಟು ಸಮಾಧಾನದಿಂದ ಉತ್ತರ ಕೊಡಿ. ನಿಮ್ಮ ಹಿಂದೆ ನಿಂತವರು ಗೊಣಗಿದರೂ ಪರವಾಗಿಲ್ಲ.