ಮುದಿ ಜಾಗ್ವಾರ್‌ಗೆ ವಾರಸುದಾರ ಯಾರು?

ಯಾದಗಿರಿ ಜಿಲ್ಲೆಯ ಕಕ್ಕೇರಾದಲ್ಲಿ ಈಗ ಎಂಟನೆಯ ತರಗತಿ ಓದುವ ಹುಡುಗನ ತಂದೆ 1979ರಲ್ಲಿ ಹುಟ್ಟಿದ್ದನೋ ಇಲ್ಲವೋ! ಜಾಗ್ವಾರ್ ಎಂಬ ದಾಳಿ ವಿಮಾನ ಭಾರತದ ವಾಯುಪಡೆಗೆ ಸೇರಿದ್ದು ಆ ವರ್ಷ. ಶತ್ರುವಿನ ಗಡಿಯೊಳಗೆ ದೂರ ನುಗ್ಗಿ ಬಾಂಬ್ ಹಾಕಿ ಬರುವುದು ಅದರ ಕೆಲಸ. ಇವತ್ತಿಗೂ ಆ ಕೆಲಸ ಅದರ ಹೆಗಲ ಮೇಲೇ ಇದೆ.

ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರೂಪಿಸಿದ ಈ ವಿಮಾನವನ್ನು ನಮ್ಮಲ್ಲಿ ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಇದಕ್ಕೆ ವಿದಾಯ ಹೇಳಿದವು. ಉಳಿದಿರುವುದು ಭಾರತ ಒಂದೇ. ಬಿಡಿಭಾಗಗಳಿಗಾಗಿ ಫ್ರಾನ್ಸ್ ಮೂಲೆಗಿಟ್ಟ ವಿಮಾನಗಳನ್ನೇ ತರಿಸಿಕೊಳ್ಳಬೇಕಾಯಿತು. ಎಚ್‌ಎಎಲ್ ಹೊಸ ರೇಡಾರು, ಹೊಸ ಉಪಕರಣಗಳನ್ನು ಕೂರಿಸಿತು. ಆದರೆ ಎಂಜಿನ್ ಬದಲಿಸುವ ಯೋಜನೆಯನ್ನು ದುಬಾರಿಯೆಂದು ವಾಯುಪಡೆ 2019ರಲ್ಲಿ ಕೈಬಿಟ್ಟಿತು. ಕಣ್ಣಿಗೆ ಹೊಸ ಕನ್ನಡಕ ಬಂತು, ಎದೆ ಮಾತ್ರ ಹಳೆಯದೇ. 2025ರ ಒಂದೇ ವರ್ಷದಲ್ಲಿ, ಮಾರ್ಚ್‌ನಿಂದ ಜುಲೈವರೆಗೆ ಮೂರು ಜಾಗ್ವಾರ್‌ಗಳು ಉರುಳಿದವು. ಮೂವರು ಪೈಲಟ್‌ಗಳು ಜೀವ ಕಳೆದುಕೊಂಡರು.

ಜಾಗ್ವಾರ್‌ನ ಜಾಣತನ ನೆಲಕ್ಕೆ ಅಂಟಿಕೊಂಡಂತೆ ಹಾರುವುದರಲ್ಲಿದೆ. ರೇಡಾರಿನ ಅಲೆಗಳು ನೇರವಾಗಿ ಸಾಗುತ್ತವೆ. ಸುರಪುರದ ಗುಡ್ಡದ ಆಚೆ ನಿಂತವನು ಈಚೆ ಇರುವವನಿಗೆ ಕಾಣುತ್ತಾನೆಯೇ? ಹಾಗೆಯೇ ಗುಡ್ಡದ ಮರೆ, ಭೂಮಿಯ ದುಂಡಗಿನ ಮರೆ ಹಿಡಿದು ಬಂದ ವಿಮಾನ ರೇಡಾರಿಗೆ ತಡವಾಗಿ ಸಿಗುತ್ತದೆ. ಆದರೆ ಈಗ ರೇಡಾರೇ ವಿಮಾನವೇರಿ ಮೇಲಿನಿಂದ ಕೆಳಗೆ ನೋಡುತ್ತಿದೆ. ಗುಡ್ಡದ ಮರೆ ಎಷ್ಟು ದಿನ ಬಂದೀತು?

ಅಮೆರಿಕ ಬೇರೆ ದಾರಿ ಹಿಡಿಯಿತು. 1989ರಲ್ಲಿ ಮೊದಲು ಹಾರಿದ ಅದರ ಬಿ-2 ಬಾಂಬರ್‌ಗೆ ಬಾಲವೇ ಇಲ್ಲ. ಬಾವಲಿಯಂತೆ ಬರೀ ರೆಕ್ಕೆ. ಕನ್ನಡಿಯನ್ನು ಓರೆ ಹಿಡಿದರೆ ನಮ್ಮ ಮುಖ ನಮಗೆ ಕಾಣದಷ್ಟೆ. ಅದರ ಮೈಯೂ ರೇಡಾರಿನ ಅಲೆಯನ್ನು ಬೇರೆಲ್ಲಿಗೋ ಚಿಮ್ಮಿಸುತ್ತದೆ. ಉಳಿದ ಅಲೆಯನ್ನು ಮೈಗೆ ಬಳಿದ ಲೇಪ ಹೀರುತ್ತದೆ. ಬಾಂಬುಗಳು ಹೊಟ್ಟೆಯೊಳಗೆ. ಆ ಲೇಪದ ಆರೈಕೆಯೇ ಒಂದು ದೊಡ್ಡ ಖರ್ಚು. ತಯಾರಾದದ್ದು 21 ಮಾತ್ರ. ಅದೂ ಈಗ ಹಳತಾಯಿತೆಂದು ಬಿ-21 ಬರುತ್ತಿದೆ. ಅದರ ಮೊದಲ ಹಾರಾಟ 2023ರ ನವೆಂಬರ್‌ನಲ್ಲಿ ನಡೆಯಿತು.

ಭಾರತದ ಬಳಿ ಅಂಥ ಬಾಂಬರ್ ಇಲ್ಲ. ಕಣ್ಣು ತಪ್ಪಿಸುವ ಅದೇ ವಿದ್ಯೆಯನ್ನು ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಎರಡು ಎಂಜಿನ್‌ಗಳ, 25 ಟನ್ ತೂಕದ ಒಂದು ಯುದ್ಧವಿಮಾನಕ್ಕೆ ಅಳವಡಿಸುತ್ತಿದೆ. ಹೆಸರು ಆಮ್ಕಾ. ಕೇಂದ್ರ ಸಂಪುಟದ ಭದ್ರತಾ ಸಮಿತಿ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದಲ್ಲಿ ಜನ ಅದರ ಪೂರ್ಣಗಾತ್ರದ ಮಾದರಿಯನ್ನು ನೋಡಿದರು. ವಾಯುಪಡೆಗೆ ಸೇರಲು ಹಾಕಿಕೊಂಡ ಗಡುವು 2035ರ ಸುಮಾರು.

ಗಡುವನ್ನು ನಂಬುವುದು ಹೇಗೆ? ತೇಜಸ್ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1983ರಲ್ಲಿ. ಮೊದಲ ಹಾರಾಟ 2001ರ ಜನವರಿ 4ರಂದು. ಮೊದಲ ಸ್ಕ್ವಾಡ್ರನ್ ಕಟ್ಟಿದ್ದು 2016ರಲ್ಲಿ. ಅದರ ದಾರಿ ಕಾಯುತ್ತ ಮಿಗ್-21 ವಿಮಾನ 2025ರ ಸೆಪ್ಟೆಂಬರ್ 26ರವರೆಗೂ ದುಡಿಯಿತು. ತೇಜಸ್‌ಗೂ ಮುಂಚೆ ಬೆಂಗಳೂರು 1961ರಲ್ಲೇ ಮರುತ್ ಎಂಬ ಜೆಟ್ ಯುದ್ಧವಿಮಾನವನ್ನು ಹಾರಿಸಿತ್ತು. ಅದರ ಬೆನ್ನಿಗೇ ಇನ್ನೊಂದನ್ನು ಕೈಗೆತ್ತಿಕೊಳ್ಳದೆ ಹೋದದ್ದು ದುಬಾರಿಯಾಯಿತು. ವಿಮಾನ ರೂಪಿಸುವ ವಿದ್ಯೆ ಕಡತದಲ್ಲಿ ಉಳಿಯುವುದಿಲ್ಲ, ಕೈಯಿಂದ ಕೈಗೆ ದಾಟಬೇಕು.

ಆ ಹೊಸ ಕೈಗಳು ಈಗ ಶಾಲೆಯಲ್ಲಿವೆ. 2035ರ ಹೊತ್ತಿಗೆ ಇಂದಿನ ಎಂಟನೆಯ ತರಗತಿಯವರಿಗೆ ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ಪೈಲಟ್ ತರಬೇತಿಗೆ ಹೋಗಬಹುದು; 2022ರಿಂದ ಅಲ್ಲಿ ಹುಡುಗಿಯರಿಗೂ ಪ್ರವೇಶವಿದೆ. ಮುಂದೆ ಅವರಲ್ಲಿ ಕೆಲವರು ಬೀದರ್‌ನ ನೆಲೆಗೆ ಬಂದು ಹಾಕ್ ಹಾರಿಸಬಹುದು. ಆ ತರಬೇತಿ ವಿಮಾನದ್ದೂ ಜಾಗ್ವಾರ್‌ನದ್ದೂ ಒಂದೇ ಮನೆತನದ ಎಂಜಿನ್. ರಸಾಯನಶಾಸ್ತ್ರ ಇಷ್ಟಪಡುವವರಿಗೆ ರೇಡಾರ್ ನುಂಗುವ ಲೇಪದ ಕೆಲಸವಿದೆ. ಐಟಿಐ ಮುಗಿಸಿದ ಫಿಟ್ಟರ್‌ಗಳನ್ನೂ ಎಚ್‌ಎಎಲ್ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ.