ಕೂಸು ಯಾರ ಕೈಗೆ? ಗಡಿಯೂರಲ್ಲಿ ಆಯಾ ಹುಡುಕಾಟ

ಬೊಮ್ಮನಹಾಳ್: ಮನೇಲಿ ಅಜ್ಜಿ ಇದ್ದರೆ ಕೂಸಿನ ಚಿಂತೆ ಅರ್ಧ ಕಳೆದ ಹಾಗೆ ಎನ್ನುವ ಕಾಲವಿತ್ತು. ಈಗ ಎಷ್ಟೋ ಮನೆಗಳಲ್ಲಿ ಅಜ್ಜಿಯೂ ಕೂಲಿಗೆ ಹೋಗ್ತಾಳೆ, ತಾಯಿ ಬಳ್ಳಾರಿಗೋ ರಾಯದುರ್ಗಕ್ಕೋ ಬಸ್ ಹತ್ತುತ್ತಾಳೆ. ಎರಡೂ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಪೀಸ್ ಲೆಕ್ಕದ ಕೆಲಸ, ಕೂತಷ್ಟೂ ದುಡ್ಡು. ಅಂಬೆಗಾಲಿಡುವ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಮಷೀನ್ ತುಳಿಯೋಕಾಗುತ್ತಾ?

ಅಂಗನವಾಡಿ ಇದೆಯಲ್ಲ ಎನ್ನಬಹುದು. 1975ರಲ್ಲಿ ಶುರುವಾದ ಈ ಯೋಜನೆಯಲ್ಲಿ ಆಟ-ಪಾಠ 3ರಿಂದ 6 ವರ್ಷದವರಿಗೆ. ಅದಕ್ಕಿಂತ ಚಿಕ್ಕವರಿಗೆ ಆಹಾರ ಮನೆಗೆ ಬರುತ್ತದೆ, ನೋಡಿಕೊಳ್ಳುವವರು ಬರುವುದಿಲ್ಲ. ಕರ್ನಾಟಕ ಸರ್ಕಾರ 2023-24ರ ಬಜೆಟ್‌ನಲ್ಲಿ 4 ಸಾವಿರ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ ನಮ್ಮ ರಾಯದುರ್ಗ ಸೀಮೆಗೆ ಅದು ಗಡಿಯಾಚೆಯ ಸುದ್ದಿ ಅಷ್ಟೇ.

ಉಳಿದದ್ದು ಆಯಾ. (ಪದ ಪೋರ್ಚುಗೀಸರದ್ದು. ಮರಾಠಿಯವರು ಶಿಶುವಿಹಾರಕ್ಕೆ 'ಪಾಳಣಾಘರ್' ಅಂತಾರೆ, ತೊಟ್ಟಿಲ ಮನೆ.) ದುಡ್ಡಿಲ್ಲದ ಮನೆಯಲ್ಲಿ ಆಯಾ ಯಾರೆಂದರೆ ದೊಡ್ಡ ಮಗಳು. ತಮ್ಮನನ್ನು ಎತ್ತಿಕೊಂಡ ದಿನ ಅವಳ ಶಾಲೆ ತಪ್ಪುತ್ತದೆ. ದುಡ್ಡಿದ್ದವರೂ ಕೆಲವರು 'ಚಿಕ್ಕ ಹುಡುಗಿ ಸಿಕ್ಕರೆ ಸಾಕು, ಊಟ ಬಟ್ಟೆ ಕೊಡ್ತೀವಿ' ಎಂದೇ ಹುಡುಕುತ್ತಾರೆ. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳೋದು 2006ರ ಅಕ್ಟೋಬರ್ 10ರಿಂದಲೇ ಅಪರಾಧ. ಕಾನೂನು ಬಿಡಿ, ಮಗು ನೋಡಿಕೊಳ್ಳೋಕೆ ಇನ್ನೊಂದು ಮಗುವೇ?

ಹೆಂಗಸು ಸಿಕ್ಕರೆ ಮೊದಲು ಕೇಳೋದು 'ಎಷ್ಟು ತಗೋತೀಯಮ್ಮಾ?' ಅದು ಕೊನೆಗಿರಲಿ. ಮಗುವಿಗೆ ಜ್ವರ ಬಂದರೆ ಏನು ಮಾಡ್ತೀ, ಅಳು ನಿಲ್ಲದಿದ್ದರೆ ಏನು ಮಾಡ್ತೀ ಎಂದು ಕೇಳಿ. 'ಎರಡು ಬಿಟ್ಟರೆ ಸುಮ್ಮನಾಗುತ್ತೆ' ಎಂದವಳನ್ನು ಅಲ್ಲೇ ಕಳಿಸಿಬಿಡಿ. ನಮ್ಮದು ಶೇಂಗಾ ನಾಡು, ಮನೆ ತುಂಬ ಬೀಜ ಬಿದ್ದಿರುತ್ತದೆ; ಎರಡು ವರ್ಷದ ಮಗು ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟಬಹುದು. ಇದು ಆಕೆಗೆ ಗೊತ್ತಿದೆಯಾ? ನೀರಿನ ತೊಟ್ಟಿ, ಸಂಪಿಗೆ ಮುಚ್ಚಳ ಹಾಕ್ತಾಳಾ? ಆರು ತಿಂಗಳೊಳಗಿನ ಕೂಸಿಗೆ ಬಿಸಿಲೆಂದು ನೀರು ಕುಡಿಸಬಾರದು, ಎದೆಹಾಲೇ ಸಾಕು. ಇದನ್ನು ಹಿರಿಯ ಹೆಂಗಸರೇ ಒಪ್ಪೋದು ಕಷ್ಟ. ಮೊದಲೇ ಖಡಕ್ಕಾಗಿ ಹೇಳಿ. 108ಕ್ಕೆ ಫೋನ್ ಮಾಡೋದನ್ನು ನಿಮ್ಮೆದುರೇ ಒಮ್ಮೆ ತೋರಿಸಿಕೊಡಿ. ಮೊದಲು ಕೆಲಸ ಮಾಡಿದ ಮನೆಯವರನ್ನೂ ವಿಚಾರಿಸಿ.

ಭಾಷೆಯ ಮಾತೂ ಬರುತ್ತದೆ. ಆಯಾ ತೆಲುಗಿನವಳಾದರೆ ಕೂಸಿನ ಬಾಯಲ್ಲಿ ಮೊದಲು 'ಪಾಲು' ಬರಬಹುದು, 'ಹಾಲು' ಆಮೇಲೆ. ಗಾಬರಿ ಬೇಡ. ಸಂಜೆ ಮನೆಯವರು ಕನ್ನಡದಲ್ಲಿ ಮಾತಾಡಿದರೆ ಎರಡೂ ಬರುತ್ತವೆ.

ಇನ್ನು ಸಂಬಳ. ಮನೆಗೆಲಸದವರಿಗೆ ಕನಿಷ್ಠ ಕೂಲಿ ನಿಗದಿ ಮಾಡಿದ್ದರಲ್ಲಿ 2004ರಲ್ಲಿ ಕರ್ನಾಟಕವೇ ಮುಂದಿತ್ತು, ಆಮೇಲೆ ಆಂಧ್ರವೂ ಮಾಡಿತು. ಹಳ್ಳಿಯಲ್ಲಿ ಮಾತ್ರ ಚೌಕಾಶಿಯೇ ಕಾನೂನು. ಹೊಲದ ಕೂಲಿಗಿಂತ ಕಡಿಮೆ ಕೊಟ್ಟರೆ ಬಿತ್ತನೆ ಶುರುವಾದ ದಿನ ಆಕೆ ಹೊಲಕ್ಕೆ ಹೋಗ್ತಾಳೆ, ತಪ್ಪೇನಿಲ್ಲ. ವಾರಕ್ಕೊಂದು ರಜೆ, ಹಬ್ಬದ ರಜೆ, ಆಕೆ ಕಾಯಿಲೆ ಬಿದ್ದರೆ ಯಾರು ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ. ಆಕೆಗೂ ಚಿಕ್ಕ ಮಕ್ಕಳಿದ್ದರೆ ಅವನ್ನು ಎಲ್ಲಿ ಬಿಟ್ಟು ಬರ್ತಾಳೆ ಅಂತಲೂ ಕೇಳಿ. ಜೊತೆಗೇ ಕರೆತರಲಿ ಎಂದ ಮನೆಗೆ ಆಯಾ ಬೇಗ ಸಿಗುತ್ತಾಳೆ.