ಹಾಕಿ ಸ್ಟಿಕ್ಕಿನೊಳಗಿನ ಎಳೆಗಳು

1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ನೀವು ಬಲ್ಲಿರಿ. ಇಂದಿನ ಸ್ಟಿಕ್ಕುಗಳಲ್ಲಿ ಅನೇಕವು ಮರದವಲ್ಲ. ಇಂಗಾಲ, ಗಾಜಿನ ಎಳೆಗಳನ್ನು ರಾಳದಿಂದ ಬಂಧಿಸಿದ ಕಾಂಪೊಸಿಟ್‌ಗಳು. ಕೊಡಗಿನ ಬಿದಿರು ಪ್ರಕೃತಿಯೇ ತಯಾರಿಸಿದ ಕಾಂಪೊಸಿಟ್. ಅದನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಮುರಿಯುವುದು ಕಷ್ಟ. ಏಕೆಂದರೆ ಬಲವಿರುವುದು ಎಳೆಗಳ ದಿಕ್ಕಿನಲ್ಲಿ.

ಹೊಸ ಸ್ಟಿಕ್ಕಿನ ಮಾದರಿಯನ್ನು ತ್ರಿವಿಮ ಮುದ್ರಕವು ಪ್ಲಾಸ್ಟಿಕ್ಕಿನಲ್ಲಿ ಪದರ ಪದರವಾಗಿ ಬೇಗನೆ ಕಟ್ಟಬಲ್ಲದು. ಹಿಡಿತವನ್ನೂ, ಬಾಗು ನಿಯಮದ 25 ಮಿಲಿಮೀಟರ್ ಮೀರಿದೆಯೇ ಎಂಬುದನ್ನೂ ಪರೀಕ್ಷಿಸಲು ಅದು ಸಾಕು. ಆದರೆ ಜೋರಾಗಿ ಚೆಂಡು ಹೊಡೆದರೆ ಪದರಗಳ ನಡುವಿನ ದುರ್ಬಲ ಬೆಸುಗೆ ಬಿಟ್ಟೀತು. ಆದ್ದರಿಂದ ನಿಜವಾದ ಸ್ಟಿಕ್ಕಿಗೆ, ರಾಳ ಹೀರಿದ ಎಳೆಹಾಳೆಗಳನ್ನು ಸುತ್ತಿ, ಅಚ್ಚಿನಲ್ಲಿಟ್ಟು, ಒತ್ತಡದಲ್ಲಿ ಕಾಯಿಸುತ್ತಾರೆ. ಉದ್ದನೆಯ ಎಳೆಗಳು ಬಾಗುವುದನ್ನೂ ಓರೆ ಎಳೆಗಳು ತಿರುಚುವುದನ್ನೂ ತಡೆಯುತ್ತವೆ.

2001ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗೂ ಇದೇ ತತ್ತ್ವ. ತರಗತಿಯಲ್ಲಿ ಬಿದಿರಿನ ಸೀಳೊಂದನ್ನು ಬಾಗಿಸಿ ನೋಡಿ.